ಗದ್ದ ಮುಟ್ಟಿದ ಬೆರಳು

ಇದು ಆಗಿಹೋದ ಕಾಲದ ಕಥೆಯಲ್ಲ, ಇನ್ನೂ ಬರಬೇಕಾದ ಕಾಲದ್ದು. ಆ ಕಾಲದಲ್ಲಿ ಒಂದು ಮುತ್ತನ್ನು ಇಲ್ಲಿಂದ ಎತ್ತಿ ಸಾವಿರ ಹರದಾರಿ ಆಚೆ ಇಳಿಸುವ ಯಂತ್ರವೊಂದು ಬಂದಿತ್ತು. ಸರಕಾರದ ಕಾಗದಪತ್ರಗಳಲ್ಲಿ ಅದಕ್ಕೆ ದೂರಸ್ಪರ್ಶಕ ಎಂಬ ಗಂಭೀರ ಹೆಸರು. ಜನ ಮಾತ್ರ ಮುದ್ದಿನ ಡಬ್ಬಿ ಎನ್ನುತ್ತಿದ್ದರು. ಡಬ್ಬಿಯೊಳಗೆ ಎರಡೇ ವಸ್ತು. ಒಂದು, ಅಂಗೈಯಗಲದ ಮೆತ್ತನೆಯ ಹಲಗೆ. ಕೊಡುವವರು ಅದಕ್ಕೆ ತುಟಿ ಒತ್ತಬೇಕು. ಇನ್ನೊಂದು, ಹಾಲಿನ ಕೆನೆಯಷ್ಟು ತೆಳ್ಳಗಿನ ಮುಖಪರದೆ. ಪಡೆಯುವವರು ಅದನ್ನು ಕಿವಿಯಿಂದ ಗದ್ದದವರೆಗೆ ಅಂಟಿಸಿಕೊಳ್ಳಬೇಕು. ಪರದೆಯ ತುಂಬ ಸಾಸಿವೆಗಿಂತ ಸಣ್ಣ ನಾನೂರು ಚುಕ್ಕಿಗಳು. ಅಲ್ಲಿ ತುಟಿ ಒತ್ತಿದಂತೆಲ್ಲ ಇಲ್ಲಿ ಚುಕ್ಕಿಗಳು ಉಬ್ಬಿ, ಬಿಸಿಯಾಗಿ, ಕೆನ್ನೆಯನ್ನು ಒತ್ತುತ್ತಿದ್ದವು. ಇಷ್ಟೇ ಮಾಯೆ.

ಧಾರವಾಡದ ದೂರಸ್ಪರ್ಶ ಕೇಂದ್ರದಲ್ಲಿ ಶಾಲ್ಮಲಾ ಎಂಬ ಇಪ್ಪತ್ತೊಂಬತ್ತರ ಹುಡುಗಿಗೆ ಕೆಟ್ಟ ಮುತ್ತುಗಳನ್ನು ಪರೀಕ್ಷಿಸುವ ಕೆಲಸ. ಅರ್ಧಕ್ಕೇ ತುಂಡಾದ ಮುತ್ತು, ಕೆನ್ನೆಗೆ ಹೋಗಬೇಕಾದ್ದು ಮೂಗಿಗೆ ಹೋದ ಮುತ್ತು, ತಣ್ಣಗಾಗಿ ತಲುಪಿದ ಮುತ್ತು, ದೂರು ಬಂದದ್ದೆಲ್ಲ ಮೊದಲು ಅವಳ ಮುಖದ ಮೇಲೆ ಬೀಳುತ್ತಿತ್ತು. ಹಡಗಿನವನೊಬ್ಬ ಹೆಂಡತಿಗೆ ಕಳಿಸಿದ್ದು, ತಾಯಿಯೊಬ್ಬಳು ಹಾಸ್ಟೆಲ್ಲಿನ ಮಗಳಿಗೆ ಕಳಿಸಿದ್ದು, ಹಲ್ಲಿಲ್ಲದ ಕೂಸೊಂದು ಅಪ್ಪನಿಗೆಂದು ಜೊಲ್ಲು ಸುರಿಸಿ ಹಲಗೆಯನ್ನೇ ಚೀಪಿದ್ದು. ಆರು ವರ್ಷಕ್ಕೆ ಹನ್ನೊಂದು ಸಾವಿರ ಮುತ್ತು ಅವಳ ಕೆನ್ನೆಯನ್ನು ಹಾದುಹೋಗಿದ್ದವು. ಸಂಜೆ ಪರದೆ ಕಿತ್ತು, ತೊಳೆದು ಒಣಹಾಕಿ, ಸಪ್ತಾಪುರದ ಬಾಡಿಗೆ ಖೋಲಿ ಸೇರಿದಳೆಂದರೆ ಮರುದಿನ ಬೆಳಗಿನವರೆಗೆ ಅವಳನ್ನು ಮುಟ್ಟುವವರು ಯಾರೂ ಇರಲಿಲ್ಲ. ಬಸ್ಸಿನ ನೂಕುನುಗ್ಗಲಲ್ಲಿ ಯಾರದಾದರೂ ಮೊಣಕೈ ತಾಗಿದರೆ ಅವಳು ಬೇರೆಯವರಂತೆ ಸರಿದು ನಿಲ್ಲುತ್ತಿರಲಿಲ್ಲ.

ಆ ಮಂಗಳವಾರ ಬಂದ ದೂರು ಭೂಮಿಯ ಮೇಲಿನದಲ್ಲ. ಶನಿಗ್ರಹವನ್ನು ಸುತ್ತುವ ಚಂದ್ರನೊಂದರತ್ತ ಹೊರಟ ನೌಕೆಯಿಂದ ಬಂದದ್ದು. ನೌಕೆ ಹೊರಟು ಎರಡು ವರ್ಷವಾಗಿತ್ತು, ಮರಳಲು ಇನ್ನೂ ಹನ್ನೊಂದು ವರ್ಷವಿತ್ತು. ಅದರೊಳಗಿನ ಆರು ಜನರಲ್ಲಿ ಒಬ್ಬಳು ಗದಗಿನ ದಾನೇಶ್ವರಿ, ನೌಕೆಯ ನೀರು ಶುದ್ಧ ಮಾಡುವ ಯಂತ್ರಗಳನ್ನು ನೋಡಿಕೊಳ್ಳುವವಳು. ಅವಳು ಬರೆದಿದ್ದಳು:

"ನಮ್ಮ ಆಯಿಗೆ ಎಂಬತ್ತೆರಡು ವರ್ಷ. ನನ್ನ ಸಾಕಿದಾಕಿ ಅಕೀನ. ವಾರಕ್ಕೊಂದು ಮುತ್ತು ಕಳಸ್ತಾಳ. ಎರಡು ವರ್ಷದಾಗ ಒಂದೂ ನನ್ನ ಮುಟ್ಟಿಲ್ಲ, ಬರೇ ಖಾಲಿ ಬರ್ತದ. ಕಳಿಸಿಯೋ ಇಲ್ಲೋ ಅಂತ ಕೇಳಿದ್ರ ಜಗಳಕ್ಕ ಬೀಳ್ತಾಳ. ನಾನೂ ಬಂದದ್ದು ಬರಲಿ ಅಂತ ಸುಮ್ಮನಿದ್ದೆ. ಈಗ ಒಂಬತ್ತು ದಿನ ಉಳದದ. ಒಂದಾದ್ರೂ ಬರೂಹಂಗ ಮಾಡ್ರಿ."

ಒಂಬತ್ತು ದಿನದ ಲೆಕ್ಕ ಶಾಲ್ಮಲಾಗೂ ಗೊತ್ತಿತ್ತು. ನೌಕೆ ದೂರ ಹೋದಷ್ಟೂ ಭೂಮಿಯ ದನಿ ಅದಕ್ಕೆ ತೆಳ್ಳಗಾಗುತ್ತದೆ. ಅಕ್ಷರಗಳು ಹೇಗೋ ತೂರಿಕೊಂಡು ಹೋಗಿ ಮುಟ್ಟುತ್ತವೆ. ಆದರೆ ನಾನೂರು ಚುಕ್ಕಿಗಳ ಒತ್ತು, ಬಿಸಿ, ಅಲುಗಾಟ ಎಲ್ಲ ಹೊತ್ತ ಮುತ್ತು ಭಾರದ ಸಾಮಾನು. ಮುಂದಿನ ಬುಧವಾರ ಸಂಜೆ ಆರರ ನಂತರ ಅದು ಅಷ್ಟು ದೂರ ಹೋಗಲಾರದು. ಆಮೇಲೆ ಹನ್ನೊಂದು ವರ್ಷ ಬರೀ ಪತ್ರ. ಎಂಬತ್ತೆರಡಕ್ಕೆ ಹನ್ನೊಂದು ಕೂಡಿಸಿ ನೋಡುವ ಧೈರ್ಯ ಶಾಲ್ಮಲಾಗೆ ಆಗಲಿಲ್ಲ.

ಅವಳು ಮುಖಪರದೆ ಅಂಟಿಸಿಕೊಂಡು ಅಜ್ಜಿಯ ನೂರಾ ನಾಲ್ಕು ಮುತ್ತುಗಳನ್ನೂ ಒಂದರ ಹಿಂದೊಂದು ಹಾಕಿ ನೋಡಿದಳು. ಒಂದೂ ಮುಖಕ್ಕೆ ತಾಗಲಿಲ್ಲ. ಹಲಗೆ ಸರಿಯಿತ್ತು, ತಂತಿ ಸರಿಯಿತ್ತು. ಪ್ರತಿ ಮುತ್ತಿನ ಕೆಳಗೂ ಯಂತ್ರ ಒಂದೇ ಷರಾ ಬರೆದಿತ್ತು: ತುಟಿ ಇಲ್ಲ.

*

ಗದಗಿನ ಹಳೆಯ ಹತ್ತಿ ಮಿಲ್ಲಿನ ಹಿಂದಿನ ಓಣಿಯಲ್ಲಿ ದಾನೇಶ್ವರಿಯ ಅಜ್ಜಿ ಬಸಲಿಂಗವ್ವನ ರೊಟ್ಟಿ ಕೇಂದ್ರ. ಆರು ಒಲೆ, ಆರು ಹಂಚು, ಆರು ಜನ ಹೆಂಗಸರು. ಗುರುವಾರ ಶಾಲ್ಮಲಾ ಅಲ್ಲಿಗೆ ಹೋದಾಗ ಹೊಸ್ತಿಲಲ್ಲೇ ಜೋಳದ ಹಿಟ್ಟಿನ ಘಮ, ಪಟಪಟ ರೊಟ್ಟಿ ಬಡಿಯುವ ಸದ್ದು. ಬಸಲಿಂಗವ್ವ ಎಲ್ಲರಿಗಿಂತ ಮುಂದೆ ಕೂತು, ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕುತ್ತಿದ್ದಳು.

"ಡಬ್ಬಿ ರಿಪೇರಿ ಬಾಯಾರು ಬಂದಾರ್ರಬೇ!" ಎಂದು ಪಕ್ಕದ ಒಲೆಯ ಕಸ್ತೂರಿ ಕೂಗಿದಳು. "ಆಯೀ, ನಿನ್ನ ಮುತ್ತು ಯಾಕ ಮುಟ್ಟವಲ್ಲವು ಅಂತ ಸರಕಾರದಿಂದ ಇಚಾರಣಿಗೆ ಬಂದಾರ. ಖರೇ ಹೇಳು, ಕೊಟ್ಟಿಯೋ ಇಲ್ಲೋ?"

"ವಾರಾ ಕೊಡ್ತೀನಿ. ನೀ ನೋಡಿಲ್ಲೇನು, ಕುರುಡೀ?"

"ತುಟಿ ಒಣಗ್ಯಾವ ಆಯಿ ನಿನವು. ಹಂಗಾಗಿ ಡಬ್ಬಿಗೆ ಹತ್ತವಲ್ಲವು."

"ಯಾರ ತುಟಿ ಒಣಗ್ಯಾವಂತ ಮನೀಗೆ ಹೋಗಿ ನಿನ್ನ ಗಂಡನ್ನ ಕೇಳು," ಎಂದಳು ಬಸಲಿಂಗವ್ವ. ಆರೂ ಹಂಚುಗಳ ಸುತ್ತ ನಗು ಎದ್ದಿತು.

ನಗು ಇಳಿದ ಮೇಲೆ ಮುದುಕಿ ಶಾಲ್ಮಲಾಳನ್ನು ಹತ್ತಿರ ಕರೆದು, ಬೇರೆಯವರಿಗೆ ಕೇಳಿಸದಂತೆ ಕೇಳಿದಳು: "ಖರೇನ ನಂದೇ ತಪ್ಪೇನು ತಂಗಿ? ಅಕಿ ಹಡದವ್ವ ಹೋದಾಗ ಅಕೀಗೆ ಎಂಟು ತಿಂಗಳು. ಅವತ್ತಿಂದ ಒಂದಿನಾ ತಪ್ಪಿಸಿಲ್ಲ ನಾ. ಈಗ ಮೈಯಾಗಿನ ಕಾವು ತೀರಿತು, ಮುತ್ತಿನಾಗೂ ಏನೂ ಉಳದಿಲ್ಲೋ ಏನೋ."

"ಹಂಗೇನಿಲ್ರಿ ಆಯಿ. ಒಂದ್ಸಲ ಹೆಂಗ ಕೊಡ್ತೀರಿ ತೋರಸ್ರಿ."

ಬಸಲಿಂಗವ್ವ ಸೆರಗಿಗೆ ಕೈ ಒರೆಸಿಕೊಂಡಳು. ಹಲಗೆಯನ್ನು ಹಿಟ್ಟಿನ ಡಬ್ಬಕ್ಕೆ ಆನಿಸಿ ನಿಲ್ಲಿಸಿದಳು. ಬಲಗೈ ಚಾಚಿ, ಮೂರು ಬೆರಳ ತುದಿ ಸೇರಿಸಿ ಹಲಗೆಯ ಕೆಳತುದಿಯನ್ನು ಮುಟ್ಟಿದಳು. ಆ ಬೆರಳುಗಳನ್ನು ತನ್ನ ತುಟಿಗೆ ತಂದು 'ಪ್ಚ್' ಎಂದು ಮುತ್ತಿಟ್ಟುಕೊಂಡಳು. ಆಮೇಲೆ, ಆಯಿತಲ್ಲ ಎಂಬಂತೆ ನೋಡಿದಳು.

"ಅಷ್ಟೇನ್ರಿ?" ಎಂದಳು ಶಾಲ್ಮಲಾ.

"ಮತ್ತೇನು? ಮುಸುಡಿಗೆ ಮುಸುಡಿ ಹಚ್ಚಬೇಕೇನು? ಅದು ಗಂಡ ಹೆಂಡ್ರದು ತಂಗಿ! ಕೂಸಿನ ಗದ್ದ ಮುಟ್ಟಬೇಕು, ನಮ್ಮ ಬೆರಳಿಗೆ ಮುತ್ತು ತಗೋಬೇಕು. ಯಾಕ, ನಿಮ್ಮ ಆಯಿ ನಿನಗ ಹಂಗ ಮಾಡಲಿಲ್ಲೇನು?"

ಶಾಲ್ಮಲಾ ಹಲಗೆಯನ್ನು ಎತ್ತಿ ಡಬ್ಬಿಯೊಳಗೆ ಇಟ್ಟಳು. ಅವಳಿಗೆ ಆಯಿ ಇರಲಿಲ್ಲ, ಅವ್ವನೂ ಇರಲಿಲ್ಲ. ವಿದ್ಯುತ್ ಕಂಬ ಹತ್ತಿಳಿಯುವ ಕೆಲಸದ ಅಪ್ಪ ವರ್ಗವಾದಲ್ಲೆಲ್ಲ ಅವಳನ್ನು ಕರೆದೊಯ್ದ. ಬುತ್ತಿ ಕಟ್ಟಿದ, ಜಡೆ ಹಾಕುವುದನ್ನೂ ಕಲಿತ. ಆದರೆ ಮುದ್ದು ಮಾಡುವುದು ಅವನಿಗೆ ಬರಲಿಲ್ಲ. ಬಾಡಿಗೆ ಮನೆಗಳ ಬಾಗಿಲಲ್ಲಿ ನಿಂತು ಅವಳು ನೆರೆಮನೆಯ ಅಜ್ಜಿಯರು ಮಕ್ಕಳ ಗದ್ದ ಮುಟ್ಟಿ ಬೆರಳನ್ನು ಬಾಯಿಗೆ ಒಯ್ಯುವುದನ್ನು ನೋಡಿದ್ದಳು. ಮಕ್ಕಳ ಮುಖಕ್ಕೆ ಹತ್ತಿದ ಬೆಲ್ಲವನ್ನೋ ತುಪ್ಪವನ್ನೋ ಒರೆಸಿ ತಿನ್ನುತ್ತಾರೆ ಎಂದೇ ತಿಳಿದಿದ್ದಳು. ಬಹಳ ದಿನ ಹಾಗೇ ತಿಳಿದಿದ್ದಳು.

ಮರಳುವ ಬಸ್ಸಿನಲ್ಲಿ, ಅಣ್ಣಿಗೇರಿ ದಾಟುವಷ್ಟರಲ್ಲಿ, ಅವಳಿಗೆ ಎಲ್ಲ ಬಗೆಹರಿಯಿತು.

ಡಬ್ಬಿ ತಯಾರಾಗುವಾಗ ಕೇಂದ್ರದಲ್ಲಿ ಒಂದು ಸಭೆ ಸೇರಿತ್ತು. ಮುತ್ತು ಎಂದರೇನು, ಯಂತ್ರ ಯಾವುದನ್ನು ಮುತ್ತೆಂದು ಎಣಿಸಬೇಕು ಎಂಬುದು ಅಂದಿನ ವಿಷಯ. ಹನ್ನೆರಡು ಜನ ಗಂಡಸರು, ಅವಳೊಬ್ಬಳು. ಆ ಶಬ್ದ ಬಂದಾಗಲೆಲ್ಲ ಗಂಡಸರು ಫ್ಯಾನಿನ ಕಡೆ ನೋಡುತ್ತಿದ್ದರು, ಕೆಮ್ಮುತ್ತಿದ್ದರು, ಚಹಾ ಯಾಕೆ ಬರಲಿಲ್ಲ ಎಂದು ವಿಚಾರಿಸುತ್ತಿದ್ದರು. ಕೊನೆಗೆ, "ಅದೆಲ್ಲಾ ನೀವೇ ಬರದುಬಿಡ್ರಿ ಮೇಡಂ, ನಾವು ಸೈನ್ ಹಾಕ್ತೀವಿ," ಎಂದರು. ಅವಳು ಚಿತ್ರಗಳಲ್ಲಿ, ಸಿನೆಮಾಗಳಲ್ಲಿ ಕಂಡದ್ದನ್ನು ನೆನೆದು ಬರೆದಳು: ತುಟಿ ತಾಗಿದ್ದು ಮುತ್ತು, ಬೆರಳು ತಾಗಿದ್ದು ಹಲಗೆ ಎತ್ತಿಡುವಾಗಿನ ಗಲೀಜು, ಸೋಸಿ ಚೆಲ್ಲಬೇಕು. ಹನ್ನೆರಡೂ ಜನ ಸಹಿ ಹಾಕಿದರು. ಆ ಹನ್ನೆರಡೂ ಜನರ ಗದ್ದವನ್ನು ಒಂದು ಕಾಲದಲ್ಲಿ ಯಾವುದೋ ಅಜ್ಜಿ ಮುಟ್ಟಿಯೇ ಇದ್ದಿರಬೇಕು. ನಾಚಿಕೆಗೆ ಒಬ್ಬನೂ ಬಾಯಿ ಬಿಟ್ಟಿರಲಿಲ್ಲ.

ನೂರಾ ನಾಲ್ಕು ವಾರ ಬಸಲಿಂಗವ್ವ ಮುತ್ತು ಕೊಟ್ಟಿದ್ದಳು. ನೂರಾ ನಾಲ್ಕನ್ನೂ ಸೋಸಿ ಚೆಲ್ಲಿದ್ದು ಶಾಲ್ಮಲಾ.

*

ಬೆರಳನ್ನು ಸೋಸಿ ಚೆಲ್ಲುವ ಆ ಜರಡಿಯನ್ನು ಯಂತ್ರದಿಂದ ಕಿತ್ತುಹಾಕುವುದು ಒಂದು ಗಂಟೆಯ ಕೆಲಸ. ಶುಕ್ರವಾರ ಬಸಲಿಂಗವ್ವ ಗದಗಿನಿಂದ ಮತ್ತೆ ಹಲಗೆ ಮುಟ್ಟಿದಳು, ಮುತ್ತು ಹೊರಟಿತು. ಬೆಳಕಿನ ವೇಗದಲ್ಲಿ ಹೋದರೂ ಅದು ನೌಕೆ ಮುಟ್ಟಲು ನಲವತ್ತಮೂರು ನಿಮಿಷ, ಉತ್ತರ ಬರಲು ಮತ್ತೆ ನಲವತ್ತಮೂರು. ದಾನೇಶ್ವರಿ ಬರೆದಳು:

"ಏನೋ ಬಂತು. ಆದ್ರ ಆಯಿ ಅಲ್ಲ. ಯಾರೋ ನನ್ನ ಕೆನ್ನಿ ಮ್ಯಾಲೆ ಬಾಗಲಾ ಬಡದಂಗಾತು. ಆಯಿ ಬೆರಳು ಕೆಳಗಿಂದ ಬರ್ತಾವ್ರಿ, ಗದ್ದದ ತಳದಿಂದ. ಮುಖ ಒಂಚೂರು ಮ್ಯಾಲೆತ್ತತಾವ."

ಹಲಗೆ ಚಪ್ಪಟೆ. ಅದಕ್ಕೆ ಗದ್ದವಿಲ್ಲ. ಎತ್ತಲು ಮುಖವೇ ಇಲ್ಲದ ಮೇಲೆ ಬೆರಳು ತಾನೇ ಏನು ಮಾಡೀತು?

ಶನಿವಾರ, ಭಾನುವಾರ ಎರಡೂ ದಿನ ಶಾಲ್ಮಲಾ ಖೋಲಿಯಲ್ಲಿ ಕೂತು ಯೋಚಿಸಿದಳು. ಮೇಣದ ಮುಖ ಮಾಡಿಸಿದರೆ? ಅದಕ್ಕೆ ಚುಕ್ಕಿ ಕೂರಿಸಲು ತಿಂಗಳು ಬೇಕು. ಸೋಮವಾರ ಬೆಳಿಗ್ಗೆ ಪರದೆ ತೊಳೆಯುತ್ತಿದ್ದಾಗ ಅವಳ ಹೆಬ್ಬೆರಳು ಒಂದು ಚುಕ್ಕಿಯನ್ನು ಒತ್ತಿತು, ಎದುರಿನ ಮಾಪಕದ ಮುಳ್ಳು ಸಣ್ಣಗೆ ನಡುಗಿತು. ಅವಳು ಮತ್ತೆ ಒತ್ತಿದಳು. ಮತ್ತೆ ನಡುಗಿತು. ಚುಕ್ಕಿಯೊಳಗಿನ ಹರಳು ಕರೆಂಟು ಕೊಟ್ಟರೆ ಒತ್ತುತ್ತದೆ, ಒತ್ತಿದರೆ ಕರೆಂಟು ಹುಟ್ಟಿಸುತ್ತದೆ. ಕಾಲೇಜಿನ ಮೊದಲ ವರ್ಷದ ಪಾಠ. ಪಡೆಯುವ ಪರದೆಯನ್ನೇ ತಿರುಗಿ ಕೊಡುವ ಪರದೆ ಮಾಡಬಹುದು. ಒಂದು ಜೀವಂತ ಮುಖ ಅದರ ಹಿಂದೆ ಇರಬೇಕು, ಅಷ್ಟೇ.

"ನಿಯಮದಾಗ ಇಲ್ಲವಾ," ಎಂದರು ನಿಯಂತ್ರಣ ಕೋಣೆಯ ಮುಖ್ಯಸ್ಥ ಪುಂಡಲೀಕ ಸರ್. ಮಂಗಳವಾರವಾಗಿತ್ತು, ಉಳಿದದ್ದು ಒಂದೇ ದಿನ. "ಬೆರಳಿನ ಒತ್ತನ್ನ ಮುತ್ತು ಅಂತ ಕಳಿಸಿದ್ರ ನಾಳೆ ಮ್ಯಾಲಿನವರು ಕೇಳ್ತಾರ. ಯಾವ ಆಧಾರದ ಮ್ಯಾಲೆ ಇದು ಮುತ್ತು?"

"ಸರ್, ನಿಮ್ಮ ಅಜ್ಜಿ ನಿಮಗ ಹೆಂಗ ಮುದ್ದು ಮಾಡ್ತಿದ್ರು?"

ಪುಂಡಲೀಕ ಸರ್ ಅಭ್ಯಾಸದಂತೆ ಫ್ಯಾನಿನ ಕಡೆ ನೋಡಿದರು. ನೋಡುತ್ತಿದ್ದಂತೆ ಅವರ ಕೈ ತಾನಾಗಿ ಗದ್ದಕ್ಕೆ ಹೋಯಿತು. ಬಿಳಿ ಗಡ್ಡದ ಮೇಲೆ ಬೆರಳು ಸ್ವಲ್ಪ ಹೊತ್ತು ಹಾಗೇ ನಿಂತವು. ಕೋಣೆಯ ಮೂಲೆಯಲ್ಲಿ ಕೂತಿದ್ದ ಇಬ್ಬರು ಇಂಜಿನಿಯರುಗಳೂ ಗದ್ದ ಮುಟ್ಟಿಕೊಳ್ಳುತ್ತಿದ್ದರು. ಯಾರೂ ಯಾರ ಕಡೆಯೂ ನೋಡಲಿಲ್ಲ.

"ನಾಳೆ ಎಷ್ಟಕ್ಕ ಹೋಗ್ತಿ ಗದಗಿಗೆ?" ಎಂದರು ಸರ್.

*

ಬುಧವಾರ ಬೆಳಿಗ್ಗೆ ರೊಟ್ಟಿ ಕೇಂದ್ರದಲ್ಲಿ ಮಣೆ ಹಾಕಿ, ಶಾಲ್ಮಲಾಳನ್ನು ಬಸಲಿಂಗವ್ವನ ಎದುರಿಗೆ ಕೂರಿಸಿದರು. ಮುಖಪರದೆ ಅಂಟಿಸಿಕೊಂಡ ಅವಳ ಮುಖ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು.

"ಮದಿಮಗಳಿಗೆ ಅರಿಷಿಣ ಹಚ್ಚಿದಂಗಾತು ನೋಡ್ರಿ," ಎಂದಳು ಕಸ್ತೂರಿ.

"ಸುಮ್ಮನಿರ ನೀ. ತಂಗಿ, ಇದರ ಹಿಂದ ನೀನ ಇರ್ತಿ ಏನು?"

"ಹೂನ್ರಿ ಆಯಿ. ನಾ ಬರೇ ಗದ್ದ ಕೊಡಾಕ ಕುಂತೀನಿ. ನನ್ನ ನೋಡಬ್ಯಾಡ್ರಿ, ದಾನೇಶ್ವರಿ ಕುಂತಾಳ ಅಂತ ತಿಳೀರಿ."

ಬಸಲಿಂಗವ್ವ ಕಣ್ಣು ಮುಚ್ಚಿಕೊಂಡಳು. ಮೂರು ಬೆರಳು ಕೆಳಗಿನಿಂದ ಬಂದವು, ಗಡಿಬಿಡಿಯಲ್ಲಿ, ಶಾಲೆಗೆ ಹೊರಟ ಮಗುವನ್ನು ಬಾಗಿಲಲ್ಲಿ ತಡೆದಂತೆ. ಅರವತ್ತು ವರ್ಷ ಹಂಚಿನ ಮೇಲೆ ಸುಟ್ಟು ಸುಟ್ಟು ಗಟ್ಟಿಯಾದ ಬೆರಳುಗಳು. ಗದ್ದವನ್ನು ಒಂದು ಎಳ್ಳಿನಷ್ಟು ಎತ್ತಿ, ಬಿಟ್ಟವು. ಪ್ಚ್.

ತಾನು ಅಂಚೆಪೆಟ್ಟಿಗೆ, ಅಂಚೆಪೆಟ್ಟಿಗೆ ಅಲುಗಾಡಬಾರದು ಎಂದು ಶಾಲ್ಮಲಾ ಮನಸ್ಸಿನಲ್ಲೇ ಹೇಳಿಕೊಂಡಳು. ಅಲುಗಾಡಲೂ ಇಲ್ಲ. ಆದರೆ ಎಡಗಣ್ಣಿನಿಂದ ಒಂದು ಹನಿ ಅವಳ ಅಪ್ಪಣೆ ಕೇಳದೆ ಹೊರಟು ಪರದೆಯ ಮೇಲೆ ಜಾರಿತು.

ಬಸಲಿಂಗವ್ವ ಕಣ್ಣು ತೆರೆದಳು. ಎದುರಿನ ಮುಖವನ್ನು ಬಹಳ ಹೊತ್ತು ನೋಡಿದಳು.

"ತಡಿ," ಎಂದಳು. "ಇನ್ನೊಂದ್ಸಲ."

ಮೊದಲನೆಯದು ಸರಿ ಬರಲಿಲ್ಲವೆಂದು ಮುದುಕಿಗೆ ಅನಿಸಿರಬೇಕು ಎಂದುಕೊಂಡು ಶಾಲ್ಮಲಾ ಮತ್ತೆ ನೆಟ್ಟಗೆ ಕೂತಳು. ಈ ಸಲ ಬೆರಳುಗಳು ನೇರ ಗದ್ದಕ್ಕೆ ಬರಲಿಲ್ಲ. ಕೆನ್ನೆಯ ಮೇಲೆ ನಿಂತವು. ಹೆಬ್ಬೆರಳು ಆ ಹನಿಯನ್ನು ಒರೆಸಿತು, ಒರೆಸಿದ ಜಾಗವನ್ನೇ ಮತ್ತೊಮ್ಮೆ ಒರೆಸಿತು. ಆಮೇಲೆ ಅಂಗೈಯೇ ಇಡೀ ಬಂದು ಗದ್ದದ ಕೆಳಗೆ ಕೂತಿತು. ಒಂದು ರೊಟ್ಟಿ ಉಬ್ಬಿ ಇಳಿಯುವಷ್ಟು ಹೊತ್ತು ಮುಖವನ್ನು ಎತ್ತಿ ಹಿಡಿದುಕೊಂಡಿತ್ತು. ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಕೈ ನಿಧಾನ ಹಿಂದೆ ಸರಿಯಿತು, ಬೆರಳುಗಳು ತುಟಿಗೆ ಹೋದವು.

"ಹೊತ್ತತದ ನೋಡು ಹಂಚು!" ಎಂದು ಬಸಲಿಂಗವ್ವ ಆ ಕೂಡಲೇ ಯಾರನ್ನೋ ಗದರಿದಳು.

ಎರಡನ್ನೂ ಕಳಿಸಬೇಕೆ ಎಂದು ಶಾಲ್ಮಲಾ ಕೇಳಲಿಲ್ಲ. ಕೊಟ್ಟವರ ಮುತ್ತಿನಲ್ಲಿ ಕತ್ತರಿ ಆಡಿಸಬಾರದು ಎಂಬುದು ಕೇಂದ್ರದ ನಿಯಮ. ಮಧ್ಯಾಹ್ನ ಮೂರಕ್ಕೆ ಅವಳು ನಿಯಂತ್ರಣ ಕೋಣೆಯಲ್ಲಿದ್ದಳು.

"ಎರಡರ ಕೊನೀಗೂ ಎರಡೆರಡು ಸೆಕೆಂಡು ಖಾಲಿ ಅದ," ಎಂದರು ಪುಂಡಲೀಕ ಸರ್, ಕೋಣೆಯ ದೊಡ್ಡ ಪರದೆ ನೋಡುತ್ತ. "ಏನೂ ತಾಗಿಲ್ಲ ಅಲ್ಲೆ. ಯಂತ್ರ ತಾನ ಕತ್ತರಸ್ತದ, ಭಾರ ಕಡಿಮಿ ಆಗ್ತದ."

"ಬ್ಯಾಡ್ರಿ ಸರ್, ಕತ್ತರಿ ಬಂದ್ ಮಾಡ್ರಿ. ಬೆರಳು ಬಾಯಿಗೆ ಹೋಗೂ ಹೊತ್ತದು. ಮುತ್ತು ಇರೂದು ಆ ಖಾಲಿಯೊಳಗ."

ಸರ್ ಅವಳ ಮುಖ ನೋಡಿದರು. ಕತ್ತರಿ ಬಂದ್ ಮಾಡಿ, ಕಳಿಸುವ ಗುಂಡಿ ಒತ್ತಿದರು.

ನೌಕೆಯ ಉತ್ತರ ಬಂದಾಗ ಐದು ಗಂಟೆ.

"ಬಂತು. ಆಯಿ ಬಂದ್ಲು. ಮೂರು ಬೆರಳು, ಅದ ಗಡಿಬಿಡಿ, ಒಲಿ ಮ್ಯಾಲೆ ಏನೋ ಇಟ್ಟು ಬಂದಾಕಿ ಹಂಗ. ನಾ ಇಲ್ಲಿ ಕೆಲಸಾ ಬಿಟ್ಟು ಕುಂತೀನಿ. ಉಳದವರು ಏನಾತಂತ ಕೇಳ್ತಾರ, ಹೇಳಾಕ ಬರವಲ್ದು. ಹನ್ನೊಂದು ವರ್ಷಕ್ಕ ಇದೊಂದು ಸಾಕು. ದಿನಾ ಹಾಕ್ಕೋತೀನಿ.

ಆದ್ರ ಎರಡನೇದು ನಂದಲ್ರಿ. ಆಯಿ ನನ್ನ ಅಷ್ಟು ನಿಧಾನ ಎಂದೂ ಮುಟ್ಟಿಲ್ಲ, ಮುಟ್ಟೂ ಅಗತ್ಯ ಬಿದ್ದಿಲ್ಲ, ನಾ ದಿನಾ ಮನ್ಯಾಗ ಇರತಿದ್ದೆ. ಅದರಾಗ ಹೆಬ್ಬೆರಳು ಕಣ್ಣೀರು ಒರಸ್ತದ. ನಾ ಅಲ್ಲೆ ಅಳತಿರಲಿಲ್ಲ. ಆಯಿ ಮುಂದ ಯಾರು ಕುಂತಿದ್ರೋ ಅವರದು ಅದು. ಒಬ್ಬರ ಮುತ್ತು ಇನ್ನೊಬ್ಬರು ಇಟಗೋಬಾರದು, ಅದಕ್ಕ ನನ್ನ ಕಡಿಂದ ಅಳಿಸೇನಿ. ನಿಮ್ಮ ಕಡೆ ಒಂದು ಪ್ರತಿ ಇರತದಲ್ಲ, ಅವರಿಗೆ ಕೊಟ್ಟುಬಿಡ್ರಿ. ಯಾರು ಅವರು?"

ಶಾಲ್ಮಲಾ ಪತ್ರವನ್ನು ಮೂರು ಸಲ ಓದಿದಳು. ಎರಡನೆಯದು ಅವಳ ಯಂತ್ರದಲ್ಲೇ ಇತ್ತು. ತೊಳೆದ ಪರದೆ ದಾರದ ಮೇಲೆ ಒಣಗುತ್ತಿತ್ತು. ಕೈ ಚಾಚಿದರೆ ಸಿಗುತ್ತಿತ್ತು, ಚಾಚಲಿಲ್ಲ. ಇಷ್ಟು ವರ್ಷ ಬೇರೆಯವರದ್ದನ್ನು ಹಾಕಿಕೊಂಡಾಗ ಆಗದಿದ್ದ ಸಂಕೋಚ ಈಗ ಆಗುತ್ತಿತ್ತು.

ಆರು ಹೊಡೆಯಿತು. ಕೋಣೆಯ ದೊಡ್ಡ ಪರದೆಯ ಮೇಲೆ ನೌಕೆಯ ಹೆಸರಿನ ಮುಂದಿದ್ದ ಹಸಿರು ದೀಪ ಆರಿ, ಬರೀ ಅಕ್ಷರಗಳ ಹಳದಿ ದೀಪ ಉಳಿಯಿತು. ಇಂಜಿನಿಯರುಗಳು ಚೀಲ ಎತ್ತಿಕೊಂಡು ಹೊರಟರು.

ಅವಳು ಉತ್ತರ ಬರೆಯಲು ಕೂತಳು. "ತಮ್ಮ ದೂರನ್ನು ಪರಿಹರಿಸಲಾಗಿದೆ" ಎಂದು ಬರೆದು ಅಳಿಸಿದಳು. "ಪರೀಕ್ಷಾ ವಿಭಾಗದ ಸಿಬ್ಬಂದಿ" ಎಂದು ಬರೆದು ಅಳಿಸಿದಳು. ತಾನು ಅತ್ತ ಸಂಗತಿಯನ್ನು ಅವಳು ಈವರೆಗೆ ಯಾರಿಗೂ ಹೇಳಿದವಳಲ್ಲ. ಹೇಳಲು ಸಿಕ್ಕವಳಾದರೂ ಎಲ್ಲಿದ್ದಾಳೆ? ಮನುಷ್ಯರೆಲ್ಲರಿಗಿಂತ ದೂರ ಹೋಗಿ ಕೂತಿದ್ದಾಳೆ.

"ಅಳತಿದ್ದಾಕಿ ನಾನು," ಎಂದು ಬರೆದಳು. "ನನ್ನ ಹೆಸರು ಶಾಲ್ಮಲಾ. ನಿಮ್ಮ ಆಯಿ ನನಗ ಯಾಕ ಹಂಗ ಮಾಡಿದ್ರು ಗೊತ್ತಿಲ್ಲ. ಹಂಗ ಯಾರೂ ಮಾಡಿರಲಿಲ್ಲ."

ಮತ್ತೆ ಓದಿದರೆ ಅಳಿಸಿಬಿಡುತ್ತೇನೆಂದು ಓದದೆಯೇ ಕಳಿಸಿದಳು. ಹೋಗಲು ನಲವತ್ತಮೂರು ನಿಮಿಷ, ಬರಲು ನಲವತ್ತಮೂರು.

ಪುಂಡಲೀಕ ಸರ್ ದೀಪ ಆರಿಸಲು ಬಂದವರು ಅವಳನ್ನು ಕಂಡು ನಿಂತರು. "ಮನೀಗೆ ಹೋಗೂದಿಲ್ಲೇನವಾ? ಬಸ್ ತಪ್ಪತದ."

"ನೀವು ನಡೀರಿ ಸರ್. ಉತ್ತರ ಬರೂದದ."

"ಇಷ್ಟೊತ್ತಿನ ಮ್ಯಾಲೆ ಯಾರಿಗೆ?"

"ನನಗ್ರಿ," ಎಂದಳು ಶಾಲ್ಮಲಾ, ಕುರ್ಚಿಯನ್ನು ದೊಡ್ಡ ಪರದೆಯ ಹತ್ತಿರಕ್ಕೆ ಎಳೆದುಕೊಳ್ಳುತ್ತ.